ವಕೀಲನೋ ನೌಕರನೋ: ಸರ್ಕಾರಿ ಕಾನೂನು ಕಚೇರಿಯ ಸೇವಾ ನಿಯಮಗಳು

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾನೂನಿಗೆ ಸಂಬಂಧಿಸಿದ ಯಾವುದಾದರೊಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ, ಗಡಿ ವಿವಾದ, ನದಿನೀರಿನ ಹಂಚಿಕೆ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇವುಗಳಲ್ಲಿ ಒಂದನ್ನು ನಾನು ಎತ್ತಿಕೊಳ್ಳುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಅವುಗಳ ಬಗ್ಗೆ ನನಗಿಂತ ಬಲ್ಲವರು ಇದೇ ವೇದಿಕೆಯಿಂದ ಮಾತನಾಡಿದ್ದಾರೆ. ನಾನು ಆರಿಸಿಕೊಂಡಿರುವುದು ಸಭೆಗೆ ಕಳೆಕಟ್ಟುವಂಥ ವಿಷಯವೇನೂ ಅಲ್ಲ. ಸರ್ಕಾರದ ಪರವಾಗಿ ನ್ಯಾಯಾಲಯದಲ್ಲಿ ನಿಂತು ವಾದಿಸುವವನ ನೇಮಕ, ಅವಧಿ, ಬಡ್ತಿ, ವಜಾ ಇವುಗಳ ನಿಯಮಗಳೇನು. ಆ ನಿಯಮಗಳೇ ಅನ್ಯಾಯವಾದಾಗ ಅವನು ಎಲ್ಲಿಗೆ ಹೋಗಬೇಕು. ಹೋದವರಿಗೆ ನಮ್ಮ ನ್ಯಾಯಾಲಯಗಳು ಹೇಳಿದ್ದೇನು. ಇಷ್ಟು ಮಾತ್ರ.

ಇದು ವಕೀಲರ ಮನೆಯ ಜಗಳ, ನಮಗೇನು ಎಂದು ತಾವು ಕೇಳಬಹುದು. ಈ ಸಭೆಯಲ್ಲಿ ಕುಳಿತಿರುವವರಲ್ಲಿ ಬಹಳ ಮಂದಿ ಕೇಂದ್ರ ಸರ್ಕಾರದ ಒಂದಲ್ಲ ಒಂದು ಕಚೇರಿಯಲ್ಲಿ ದುಡಿಯುತ್ತಿರುವವರು, ಇಲ್ಲವೆ ದುಡಿದು ನಿವೃತ್ತರಾದವರು. ಸೇವಾ ಹಿರಿತನಕ್ಕಾಗಿಯೋ ಬಾಕಿ ವೇತನಕ್ಕಾಗಿಯೋ ಕೋಪರ್ನಿಕಸ್ ಮಾರ್ಗದ ಕೇಂದ್ರ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವರು ಕೆಲವರಾದರೂ ಇದ್ದಾರೆ. ತಾವು ಗೆದ್ದ ಮೇಲೂ ಇಲಾಖೆ ಸುಮ್ಮನಿರದೆ ಹೈಕೋರ್ಟಿಗೆ ಹೋಯಿತೆಂದು, ಅಲ್ಲಿ ಸೋತ ಮೇಲೂ ಇನ್ನೂ ಮೇಲಕ್ಕೆ ಹೋಯಿತೆಂದು ನೊಂದವರಿದ್ದಾರೆ. 'ಮೇಲ್ಮನವಿಗೆ ಯೋಗ್ಯ' ಎಂದು ಕಡತದಲ್ಲಿ ಬರೆದ ಕೈ ಯಾವುದು, ಅದು ಹಾಗೆ ಬರೆಯಲು ಕಾರಣವೇನು ಎಂಬ ಪ್ರಶ್ನೆಗೂ ನಾನು ಹೇಳಹೊರಟಿರುವ ವಿಷಯಕ್ಕೂ ನೇರವಾದ ಸಂಬಂಧವಿದೆ.

ಸರ್ಕಾರಿ ವಕೀಲ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಯವರಿದ್ದಾರೆ. ಮೇಲ್ತುದಿಯಲ್ಲಿ ಸಂವಿಧಾನದ 76ನೆಯ ಅನುಚ್ಛೇದದ ಅಟಾರ್ನಿ ಜನರಲ್, ರಾಜ್ಯಗಳಲ್ಲಿ 165ನೆಯ ಅನುಚ್ಛೇದದ ಅಡ್ವೊಕೇಟ್ ಜನರಲ್. ರಾಷ್ಟ್ರಪತಿಗಳ ಅಥವಾ ರಾಜ್ಯಪಾಲರ ಇಚ್ಛೆ ಇರುವವರೆಗೆ ಇವರ ಅಧಿಕಾರ. ಸರ್ಕಾರ ಬದಲಾದಾಗ ಇವರು ರಾಜೀನಾಮೆ ಕೊಡುವುದು ರೂಢಿ, ಅದರಲ್ಲಿ ಯಾರಿಗೂ ಅವಮಾನವಿಲ್ಲ. ಕೇಂದ್ರದ ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್, ಅಡಿಷನಲ್ ಸಾಲಿಸಿಟರ್ ಜನರಲ್ ಇವರಿಗೆ 1987ರ ಒಂದು ನಿಯಮಾವಳಿ ಇದೆ. ಮೂರು ವರ್ಷದ ಅವಧಿ. ಬಿಡಬೇಕಾದರೂ ಬಿಡಿಸಬೇಕಾದರೂ ಮೂರು ತಿಂಗಳ ನೋಟೀಸು. ಕೆಳತುದಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ವಾದಿಸುವ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರುಗಳು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಇವರು ಪರೀಕ್ಷೆ ಬರೆದು ಬಂದ ಖಾಯಂ ನೌಕರರು. ಇವರಿಗೆ 309ನೆಯ ಅನುಚ್ಛೇದದಡಿ ರಚಿಸಿದ ವೃಂದ ಮತ್ತು ನೇಮಕಾತಿ ನಿಯಮಗಳಿವೆ, ವಿಚಾರಣೆಯಿಲ್ಲದೆ ವಜಾ ಮಾಡಕೂಡದೆಂಬ 311ನೆಯ ಅನುಚ್ಛೇದದ ರಕ್ಷಣೆಯಿದೆ, ತಿಂಗಳ ಸಂಬಳವಿದೆ.

ಇವೆರಡರ ನಡುವೆ ಇರುವವರೇ ಹೆಚ್ಚು ಮಂದಿ: ಜಿಲ್ಲಾ ಸರ್ಕಾರಿ ವಕೀಲರು, ಸೆಷನ್ಸ್ ನ್ಯಾಯಾಲಯಗಳಲ್ಲಿ ಅವಧಿಗೆಂದು ನೇಮಕವಾದ ಪಬ್ಲಿಕ್ ಪ್ರಾಸಿಕ್ಯೂಟರುಗಳು, ಅಡ್ವೊಕೇಟ್ ಜನರಲ್ ಕಚೇರಿಯ ಕಾನೂನು ಅಧಿಕಾರಿಗಳು, ನಾನಾ ಇಲಾಖೆಗಳ ಪ್ಯಾನೆಲ್ ವಕೀಲರು. ಇವರು ಮುಂಜಾನೆಯಿಂದ ಸಂಜೆಯವರೆಗೆ ಸರ್ಕಾರದ ಕೆಲಸವನ್ನೇ ಮಾಡುತ್ತಾರೆ, ಆದರೆ ಸರ್ಕಾರಿ ನೌಕರರಲ್ಲ. ಕರಿಕೋಟು ತೊಟ್ಟು ವಾದಿಸುತ್ತಾರೆ, ಆದರೆ ಬೇಕಾದ ಕಕ್ಷಿದಾರನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇವರಿಗಿಲ್ಲ. ತ್ರಿಶಂಕುವಿಗೆ ವಿಶ್ವಾಮಿತ್ರನಾದರೂ ಇದ್ದ. ಇವರಿಗೆ ಇರುವುದು ನೇಮಕಾತಿ ಆದೇಶದ ಕೊನೆಯ ಸಾಲು: 'ಯಾವುದೇ ಕಾರಣವನ್ನು ತಿಳಿಸದೆ ಯಾವುದೇ ಸಮಯದಲ್ಲಿ ಈ ನೇಮಕವನ್ನು ರದ್ದುಪಡಿಸಬಹುದು.'

ಈ ಒಂದು ಸಾಲಿನ ಕಥೆಯನ್ನೇ ಮೊದಲು ಹೇಳುತ್ತೇನೆ.

1989ರ ಡಿಸೆಂಬರಿನಲ್ಲಿ ಲಖನೌದಲ್ಲಿ ಸರ್ಕಾರ ಬದಲಾಯಿತು. 1990ರ ಫೆಬ್ರವರಿ 6ರಂದು ಉತ್ತರ ಪ್ರದೇಶ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಸಿವಿಲ್, ಕ್ರಿಮಿನಲ್, ಕಂದಾಯ ಎಂಬ ಭೇದವಿಲ್ಲದೆ ಇರುವ ಸರ್ಕಾರಿ ವಕೀಲರೆಲ್ಲರ ನೇಮಕಗಳು ಫೆಬ್ರವರಿ 28ಕ್ಕೆ ಕೊನೆಗೊಳ್ಳುತ್ತವೆ. ಅವರ ಜಾಗಕ್ಕೆ ಹೊಸ ಪಟ್ಟಿಗಳನ್ನು ಸಿದ್ಧಪಡಿಸಿ ಕಳುಹಿಸಬೇಕು. ಒಬ್ಬನ ಅವಧಿ ಮುಗಿದಿದೆಯೋ, ಇನ್ನೂ ಎರಡು ವರ್ಷ ಉಳಿದಿದೆಯೋ ಎಂಬುದನ್ನು ನೋಡಲಿಲ್ಲ. ಒಬ್ಬನ ಕೆಲಸ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದನ್ನೂ ನೋಡಲಿಲ್ಲ. ಮೇಲಿನವರಿಗೆ ಮೂರು ತಿಂಗಳ ನೋಟೀಸು ಎಂದೆನಲ್ಲ, ಜಿಲ್ಲೆಯವರಿಗೆ ದೊರೆತದ್ದು ಇಪ್ಪತ್ತೆರಡು ದಿನ.

ವಕೀಲರು ಅಲಹಾಬಾದ್ ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಬಂದರು. ಶ್ರೀಲೇಖಾ ವಿದ್ಯಾರ್ಥಿ ಪ್ರಕರಣವೆಂದು ಇಂದಿಗೂ ಹೆಸರಾಗಿರುವ ತೀರ್ಪು ಹೊರಬಿದ್ದದ್ದು 1990ರ ಸೆಪ್ಟೆಂಬರ್ 20ರಂದು. ಬರೆದವರು ನ್ಯಾಯಮೂರ್ತಿ ಜೆ. ಎಸ್. ವರ್ಮಾ. ಸರ್ಕಾರದ ವಾದ ಸರಳವಾಗಿತ್ತು: ಕಕ್ಷಿದಾರನು ತನ್ನ ವಕೀಲನನ್ನು ಬದಲಿಸಿಕೊಳ್ಳಬಾರದೆ? ಬದಲಿಸುವಾಗ ಕಾರಣ ಹೇಳಬೇಕೆಂದು ಯಾವ ಕಾನೂನಿದೆ? ನೇಮಕದ ಷರತ್ತೇ ಹಾಗಿದೆಯಲ್ಲ?

ಈ ವಾದವನ್ನು ತೀರ್ಪು ಎರಡು ಕಡೆಯಿಂದ ಕತ್ತರಿಸಿತು. ಒಂದು, ಸರ್ಕಾರವು ಖಾಸಗಿ ಕಕ್ಷಿದಾರನಲ್ಲ. ಜಿಲ್ಲಾ ಸರ್ಕಾರಿ ವಕೀಲನದು ಬರಿಯ ವಕಾಲತ್ತಲ್ಲ, ಅದಕ್ಕೊಂದು ಸಾರ್ವಜನಿಕ ಸ್ವರೂಪವಿದೆ. ಜಿಲ್ಲಾ ನ್ಯಾಯಾಧೀಶರೊಡನೆ ಸಮಾಲೋಚಿಸಿ, ಸರ್ಕಾರದ್ದೇ ಆದ ಕೈಪಿಡಿಯ ಪ್ರಕಾರ ನೇಮಿಸಿದ ವ್ಯಕ್ತಿ ಅವನು. ಒಪ್ಪಂದದ ಕ್ಷೇತ್ರಕ್ಕೆ ಕಾಲಿಟ್ಟ ಮಾತ್ರಕ್ಕೆ ಸರ್ಕಾರವು 14ನೆಯ ಅನುಚ್ಛೇದವನ್ನು ಹೊಸ್ತಿಲ ಹೊರಗೆ ಬಿಟ್ಟು ಬರಲಾಗದು. ಎರಡನೆಯದು ನನಗೆ ಬಹಳ ಮೆಚ್ಚುಗೆಯಾದ ಮಾತು. 'ಕಾರಣವನ್ನು ತಿಳಿಸದೆ' ಎಂದರೆ 'ಕಾರಣವೇ ಇಲ್ಲದೆ' ಎಂದಲ್ಲ. ಕಾರಣ ಇರಲೇಬೇಕು, ಅದನ್ನು ಆ ವ್ಯಕ್ತಿಗೆ ಹೇಳುವ ಅಗತ್ಯವಿಲ್ಲದಿರಬಹುದು, ಆದರೆ ನ್ಯಾಯಾಲಯ ಕೇಳಿದರೆ ಕಡತದಲ್ಲಿ ಅದು ಸಿಗಬೇಕು. ಒಂದೇ ಸಹಿಯಲ್ಲಿ ಇಡೀ ರಾಜ್ಯದ ಸರ್ಕಾರಿ ವಕೀಲರನ್ನು ಮನೆಗೆ ಕಳಿಸುವಾಗ ಪ್ರತಿಯೊಬ್ಬನಿಗೂ ಒಂದೊಂದು ಕಾರಣ ಇದ್ದಿರಲು ಹೇಗೆ ಸಾಧ್ಯ? ಸುತ್ತೋಲೆ ರದ್ದಾಯಿತು. ಅವಧಿ ಉಳಿದಿದ್ದವರು ಮರಳಿ ಬಂದರು, ಅವಧಿ ಮುಗಿದವರ ನವೀಕರಣವನ್ನು ನಿಯಮದಂತೆ ಪರಿಶೀಲಿಸಬೇಕೆಂದಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಈ ಭಾಷಣಕ್ಕೆ ಬರುತ್ತಿರಲಿಲ್ಲ. ನಾಲ್ಕೇ ವರ್ಷದಲ್ಲಿ, 1994ರಲ್ಲಿ, ಅದೇ ಉತ್ತರ ಪ್ರದೇಶದಿಂದ ಇನ್ನೊಂದು ಗುಂಪು ಸುಪ್ರೀಂ ಕೋರ್ಟಿನ ಮುಂದೆ ಬಂದು ನಿಂತಿತು. ಇವರು ಜಿಲ್ಲೆಯವರಲ್ಲ, ಹೈಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುತ್ತಿದ್ದ ಕಾನೂನು ಅಧಿಕಾರಿಗಳು. ಇವರನ್ನೂ ಗುಂಪಾಗಿಯೇ ತೆಗೆಯಲಾಗಿತ್ತು. ಹೈಕೋರ್ಟು ಇವರ ಪರವಾಗಿತ್ತು, ಸುಪ್ರೀಂ ಕೋರ್ಟು ಆಗಲಿಲ್ಲ. ನ್ಯಾಯಮೂರ್ತಿ ಪಿ. ಬಿ. ಸಾವಂತ್ ಬರೆದ ತೀರ್ಪಿನ ಸಾರ ಹೀಗೆ: ವಕೀಲ ಮತ್ತು ಕಕ್ಷಿದಾರನ ಸಂಬಂಧ ವಿಶ್ವಾಸದ ಮೇಲೆ ನಿಂತಿರುವಂಥದು, ಇದು ವೃತ್ತಿಪರ ನಿಯುಕ್ತಿಯೇ ಹೊರತು ಹುದ್ದೆಯಲ್ಲ, ಯಾವ ಅರ್ಜಿಯಿಲ್ಲದೆ, ಸ್ಪರ್ಧೆಯಿಲ್ಲದೆ, ಪರಿಶೀಲನೆಯಿಲ್ಲದೆ ನೇಮಕವಾದವರು ತೆಗೆದುಹಾಕುವಾಗ ಮಾತ್ರ ನಿಯಮವನ್ನು ಕೇಳುವಂತಿಲ್ಲ, ಹಿಂಬಾಗಿಲಿನಿಂದ ಬಂದವರು ಹಿಂಬಾಗಿಲಿನಿಂದಲೇ ಹೋಗಬೇಕಾಗುತ್ತದೆ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಹಿಂಬಾಗಿಲನ್ನು ತೆರೆದಿಟ್ಟವರು ಯಾರು? ಒಳಗೆ ಬಂದವನಿಗೆ ಶಿಕ್ಷೆಯಾಯಿತು. ಬಾಗಿಲು ತೆರೆದ ಸರ್ಕಾರಕ್ಕೆ ಅದೇ ಬಾಗಿಲಿನಿಂದ ಹೊಸಬರನ್ನು ಕರೆದುಕೊಳ್ಳುವ ಅನುಕೂಲವಾಯಿತು. ನೇಮಕಕ್ಕೆ ನಿಯಮವಿಲ್ಲದಿರುವುದು ಸರ್ಕಾರದ ಲೋಪ. ಆ ಲೋಪದಿಂದಲೇ ವಜಾಕ್ಕೂ ನಿಯಮ ಬೇಡವೆಂಬ ಲಾಭ ಸರ್ಕಾರಕ್ಕೆ ಸಿಗುವುದಾದರೆ, ನಿಯಮ ಮಾಡುವ ಉಸಾಬರಿಗೆ ಯಾವ ಸರ್ಕಾರ ಹೋದೀತು? 2004ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೊಂದು, ಮತ್ತೆ ಉತ್ತರ ಪ್ರದೇಶದ ಪ್ರಕರಣದಲ್ಲೇ, ಜಿಲ್ಲಾ ಸರ್ಕಾರಿ ವಕೀಲನಿಗೆ ನವೀಕರಣದ ಹಕ್ಕಿಲ್ಲ, ಇಂಥ ವಿಷಯಗಳಲ್ಲಿ ನ್ಯಾಯಾಲಯದ ಹಸ್ತಕ್ಷೇಪ ಸೀಮಿತವಾಗಿರಬೇಕು ಎಂದಿತು. 1990ರ ತೀರ್ಪನ್ನು ಅದು ಅಳಿಸಲಿಲ್ಲ, ಸಾಮೂಹಿಕ ವಜಾದ ಸಂದರ್ಭಕ್ಕೆ ಸೇರಿದ್ದೆಂದು ಪಕ್ಕಕ್ಕಿಟ್ಟಿತು. ಅಂದರೆ ಎಲ್ಲರನ್ನೂ ಒಟ್ಟಿಗೆ ತೆಗೆದರೆ ತಪ್ಪು, ಒಬ್ಬೊಬ್ಬರನ್ನಾಗಿ ತೆಗೆದರೆ ಪ್ರಶ್ನಿಸುವುದು ಕಷ್ಟ. ಇದನ್ನು ಕಚೇರಿಗಳು ಬಹಳ ಬೇಗ ಕಲಿತುಕೊಂಡವು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ತಾವು ಸೇವಾ ವಿಷಯದ ತಕರಾರಿಗೆ 1985ರಿಂದ ಆಡಳಿತ ನ್ಯಾಯಮಂಡಳಿಗೆ ಹೋಗುತ್ತಿದ್ದೀರಿ. 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ಮೇಲೆ, ಮಂಡಳಿಯ ಆದೇಶದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದು. ಈ ನಡುವಿನ ವರ್ಗದ ಸರ್ಕಾರಿ ವಕೀಲನಿಗೆ, ಅವನು ನೌಕರನೇ ಅಲ್ಲವಾದ್ದರಿಂದ, ನ್ಯಾಯಮಂಡಳಿಯ ಬಾಗಿಲು ಮುಚ್ಚಿದೆ. ಅವನು 226ನೆಯ ಅನುಚ್ಛೇದದಡಿ ಹೈಕೋರ್ಟಿನಲ್ಲೇ ರಿಟ್ ಹಾಕಬೇಕು. ನಿನ್ನೆಯವರೆಗೆ ಯಾವ ನ್ಯಾಯಪೀಠದ ಮುಂದೆ ಸರ್ಕಾರದ ಪರವಾಗಿ ನಿಂತಿದ್ದನೋ ಅದೇ ಪೀಠದ ಮುಂದೆ ಇಂದು ಅರ್ಜಿದಾರನಾಗಿ ನಿಲ್ಲಬೇಕು. ಅವನ ವಿರುದ್ಧ ವಾದಿಸಲು ಏಳುವವನು ಅವನ ಜಾಗಕ್ಕೆ ಬಂದ ಹೊಸಬ. ಹಿಂದೆ ಬೇರೆಯವರ ಪ್ರಕರಣಗಳಲ್ಲಿ 'ಅರ್ಜಿದಾರನಿಗೆ ಯಾವ ಹಕ್ಕೂ ಇಲ್ಲ' ಎಂದು ಇವನೇ ಬರೆದಿದ್ದ ಆಕ್ಷೇಪಣೆಗಳ ವಾಕ್ಯಗಳು ಇವನ ಮೇಲೆಯೇ ಬಂದು ಬೀಳುವುದೂ ಉಂಟು.

ಈಗ ಆಗ ಹೇಳಿದ ಕಡತದ ವಿಷಯಕ್ಕೆ ಬರುತ್ತೇನೆ. ನಾನು ಹತ್ತಿರದಿಂದ ಕಂಡ ಒಂದು ಸರ್ಕಾರಿ ಕಾನೂನು ಕಚೇರಿಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಒಬ್ಬ ಕಿರಿಯ ಅಧಿಕಾರಿ ಇದ್ದರು. ವರ್ಷದಿಂದ ವರ್ಷಕ್ಕೆ ನವೀಕರಣಗೊಳ್ಳುವ ನೇಮಕ. ನಿವೃತ್ತ ಗುಮಾಸ್ತರೊಬ್ಬರ ಪಿಂಚಣಿಯ ಪ್ರಕರಣದಲ್ಲಿ ಇಲಾಖೆ ಸೋತಿತ್ತು. ಮೊತ್ತ ದೊಡ್ಡದಲ್ಲ, ಕಾನೂನಿನ ಪ್ರಶ್ನೆಯೂ ಹಳೆಯದು, ಹಲವು ಸಲ ತೀರ್ಮಾನವಾದದ್ದು. ಕಿರಿಯ ಅಧಿಕಾರಿ 'ಮೇಲ್ಮನವಿಗೆ ಯೋಗ್ಯವಲ್ಲ' ಎಂದು ಎರಡು ಪುಟದ ಅಭಿಪ್ರಾಯ ಬರೆದರು. ಕಡತ ಮೇಲಕ್ಕೆ ಹೋಗಿ 'ಮರುಪರಿಶೀಲಿಸಿ' ಎಂಬ ಒಂದೇ ಪದದೊಂದಿಗೆ ಹಿಂದಕ್ಕೆ ಬಂತು. ಅದು ಫೆಬ್ರವರಿ ತಿಂಗಳು, ನವೀಕರಣ ಮಾರ್ಚಿನಲ್ಲಿ. ಎರಡನೆಯ ಅಭಿಪ್ರಾಯ ನಾಲ್ಕು ಸಾಲಿನದಾಗಿತ್ತು: 'ಪ್ರಕರಣದಲ್ಲಿ ವಾದಿಸಬಹುದಾದ ಅಂಶಗಳಿವೆ. ಮೇಲ್ಮನವಿ ಸಲ್ಲಿಸಬಹುದು.' ಆ ಅಧಿಕಾರಿಯನ್ನು ನಾನು ದೂಷಿಸಲಾರೆ. ಅವರಿಗೆ ಇಬ್ಬರು ಮಕ್ಕಳಿದ್ದರು, ದ್ವಾರಕಾದಲ್ಲಿ ಬಾಡಿಗೆ ಮನೆಯಿತ್ತು. ಮೇಲ್ಮನವಿ ಬೇಡವೆಂದು ಬರೆದವನ ಮೇಲೆ ನಾಳೆ ಯಾರಾದರೂ 'ಎದುರು ಪಕ್ಷದೊಡನೆ ಶಾಮೀಲಾಗಿದ್ದಾನೆ' ಎಂದು ಬೆರಳು ತೋರಿಸಬಹುದು. ಬೇಕೆಂದು ಬರೆದವನ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ; ಸೋತರೆ ಸೋತದ್ದು ಸರ್ಕಾರ. ನಿವೃತ್ತ ಗುಮಾಸ್ತರು ಮತ್ತೆ ಆರು ವರ್ಷ ಕಾದರು.

ದೇಶದ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ ಎಂದು ಪ್ರತಿ ಮುಖ್ಯ ನ್ಯಾಯಮೂರ್ತಿಗಳೂ ಹೇಳುತ್ತಾರೆ; ವ್ಯಾಜ್ಯ ನೀತಿಗಳೂ ಬರುತ್ತವೆ. ಬೇಡವೆಂದು ಬರೆಯಬೇಕಾದವನ ನೌಕರಿ ಒಂದು ಸುತ್ತೋಲೆಯ ನೂಲಿನಲ್ಲಿ ತೂಗಾಡುತ್ತಿರುವವರೆಗೆ ಆ ನೀತಿಗಳು ಕಪಾಟಿನಲ್ಲೇ ಇರುತ್ತವೆ. ಕ್ರಿಮಿನಲ್ ಪ್ರಕರಣದಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಸಾಕ್ಷ್ಯ ಸಾಲದು ಎಂದು ಕಂಡಾಗ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಬಗ್ಗೆ ಸ್ವಂತ ಬುದ್ಧಿಯಿಂದ ನಿರ್ಧರಿಸಬೇಕಾದವನು ಪಬ್ಲಿಕ್ ಪ್ರಾಸಿಕ್ಯೂಟರ್. ಕಾನೂನು ಆ ಅಧಿಕಾರವನ್ನು ಅವನಿಗೆ ಕೊಟ್ಟಿದೆ, ಮಂತ್ರಿಗಳಿಗಲ್ಲ.

ಖಾಯಂ ನೌಕರರಾದ ಅಭಿಯೋಜಕರದು ಬೇರೆ ಬಗೆಯ ಸಂಕಟ. ಅವರನ್ನು ಸುಲಭವಾಗಿ ತೆಗೆಯಲಾಗದು, ಆದರೆ ಅವರು ಯಾರ ಕೈಕೆಳಗೆ, ಎಲ್ಲಿಯವರೆಗೆ ಏರಬಹುದು ಎಂಬುದೇ ವ್ಯಾಜ್ಯ. ಮುಂಬಯಿ, ಪುಣೆಗಳಿಂದ ಬಂದ ಬಂಧುಗಳು ಇಲ್ಲಿದ್ದಾರೆ, ಅವರಿಗೆ ಇದು ತಿಳಿದಿರಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆ ಅಭಿಯೋಜಕನನ್ನು ಪೊಲೀಸರಿಂದ ಬೇರ್ಪಡಿಸುವ ಉದ್ದೇಶ ಹೊಂದಿತ್ತು. ಆದರೆ ಮಹಾರಾಷ್ಟ್ರದಲ್ಲಿ ಸಂಹಿತೆ ಜಾರಿಗೆ ಬಂದ 1974ರಲ್ಲೇ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರುಗಳನ್ನು ಪೊಲೀಸ್ ಇಲಾಖೆಯ ಆಡಳಿತದಲ್ಲೇ ಉಳಿಸಿಕೊಳ್ಳಲಾಯಿತು. ತನಿಖೆ ಮಾಡಿದವನೇ ಅಭಿಯೋಜಕನ ಮೇಲಧಿಕಾರಿಯಾದರೆ, ತನಿಖೆಯಲ್ಲಿ ಹುರುಳಿಲ್ಲವೆಂದು ಅಭಿಯೋಜಕ ಹೇಳುವುದಾದರೂ ಹೇಗೆ? ಅವರು ತಮ್ಮ ಸೇವಾ ಸ್ಥಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಬಂದರು. 1995ರ ತೀರ್ಪು ಅವರನ್ನು ಪೊಲೀಸ್ ಇಲಾಖೆಯಿಂದ ಬಿಡಿಸಿ, ಪ್ರತ್ಯೇಕ ವೃಂದವನ್ನೂ ನೇರವಾಗಿ ಸರ್ಕಾರಕ್ಕೆ ಉತ್ತರಿಸುವ ಮುಖ್ಯಸ್ಥನಿರುವ ಪ್ರತ್ಯೇಕ ಅಭಿಯೋಜನಾ ಇಲಾಖೆಯನ್ನೂ ರಚಿಸುವಂತೆ ನಿರ್ದೇಶಿಸಿತು. ನೌಕರರು ಕೇಳಿದ್ದು ತಮ್ಮ ಸೇವಾ ನಿಯಮದ ತಿದ್ದುಪಡಿ. ಅದರ ಲಾಭ ಆರೋಪಿಗಳಿಗೂ ಆಯಿತು.

ಏಣಿಯ ಕಥೆ ಕೇರಳದ್ದು. ಸಂಹಿತೆಯ 24ನೆಯ ಕಲಮಿನ 6ನೆಯ ಉಪಕಲಂ ಹೇಳುತ್ತಿದ್ದುದು ಇಷ್ಟು: ರಾಜ್ಯದಲ್ಲಿ ಅಭಿಯೋಜಕರ ಕ್ರಮಬದ್ಧ ವೃಂದ ಇದ್ದರೆ ಸೆಷನ್ಸ್ ನ್ಯಾಯಾಲಯದ ಪಬ್ಲಿಕ್ ಪ್ರಾಸಿಕ್ಯೂಟರನನ್ನು ಆ ವೃಂದದಿಂದಲೇ ನೇಮಿಸಬೇಕು. ಕೇರಳದ ಅಸಿಸ್ಟೆಂಟ್ ಪ್ರಾಸಿಕ್ಯೂಟರುಗಳು ಆ ಹಕ್ಕನ್ನು ಕೇಳಿದರು. ನಿಮ್ಮ ವೃಂದವು ಕೆಳಗಿನಿಂದ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆಯವರೆಗೆ ಅಖಂಡವಾಗಿ ಏರುವುದಿಲ್ಲ, ನಡುವೆಯೇ ನಿಂತುಬಿಡುತ್ತದೆ, ಆದ್ದರಿಂದ ಅದು ಕಲಮು ಹೇಳುವ ವೃಂದವಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ಏಣಿ ಗಿಡ್ಡವಾಗಿರುವುದರಿಂದ ನೀವು ಅಟ್ಟ ಹತ್ತುವಂತಿಲ್ಲ ಎಂದಂತಾಯಿತು. 2005ರ ತಿದ್ದುಪಡಿ ಇದೇ ಅರ್ಥವನ್ನು ಕಾನೂನಿನಲ್ಲೇ ಬರೆಯಿತು. ಏಣಿ ಕಟ್ಟುವವನು ಸರ್ಕಾರ, ಅದರ ಉದ್ದವನ್ನು ನಿರ್ಧರಿಸುವವನೂ ಸರ್ಕಾರ.

ಈಗ ನಾಣ್ಯದ ಇನ್ನೊಂದು ಮುಖ. ಸರ್ಕಾರಿ ವಕೀಲನನ್ನು ತೆಗೆಯಬೇಕಾದಾಗ 'ನೀನು ವಕೀಲ, ನೌಕರನಲ್ಲ' ಎನ್ನುತ್ತಾರೆ ಎಂದೆ. ಅವನೇ ಜಿಲ್ಲಾ ನ್ಯಾಯಾಧೀಶನಾಗಲು ಅರ್ಜಿ ಹಾಕಿದಾಗ ಏನಾಗುತ್ತದೆ? ಸಂವಿಧಾನದ 233ನೆಯ ಅನುಚ್ಛೇದದ ಪ್ರಕಾರ ಏಳು ವರ್ಷ ಅಡ್ವೊಕೇಟ್ ಆಗಿರಬೇಕು. 'ನೀನು ಸಂಬಳಗಾರ ನೌಕರ, ಅಡ್ವೊಕೇಟ್ ಅಲ್ಲ' ಎಂಬ ಉತ್ತರ ಬರುತ್ತದೆ!

ಇದು ನಮ್ಮ ದಿಲ್ಲಿಯಲ್ಲೇ ನಡೆದದ್ದು. ಸುಪ್ರೀಂ ಕೋರ್ಟಿನಲ್ಲಿ ಕೇಂದ್ರ ಸರ್ಕಾರದ ಪರವಾಗಿ ಕೆಲಸ ಮಾಡುತ್ತಿದ್ದ, ಅಡ್ವೊಕೇಟ್ ಆನ್ ರೆಕಾರ್ಡ್ ಆಗಿದ್ದ ಮಹಿಳಾ ಸರ್ಕಾರಿ ವಕೀಲರೊಬ್ಬರು ದಿಲ್ಲಿಯ ಉನ್ನತ ನ್ಯಾಯಾಂಗ ಸೇವೆಗೆ ಅರ್ಜಿ ಹಾಕಿದಾಗ ಸಂದರ್ಶನಕ್ಕೇ ಕರೆಯಲಿಲ್ಲ. 1998ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ನೋಡಬೇಕಾದದ್ದು ಸಂಬಳದ ಚೀಟಿಯನ್ನಲ್ಲ, ಕೆಲಸವನ್ನು. ನ್ಯಾಯಾಲಯದಲ್ಲಿ ವಾದಿಸಲು ನೇಮಕವಾದವನು, ಸರ್ಕಾರದಿಂದ ಸಂಬಳ ಪಡೆದರೂ, ಅಡ್ವೊಕೇಟನಾಗಿಯೇ ಉಳಿಯುತ್ತಾನೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ವಿವೇಕದ ಮಾತು ಇದೇ.

ಇದಕ್ಕೆ ಇನ್ನೊಂದು ಅಂಚೂ ಇದೆ. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಸನ್ನದನ್ನು ಬಾರ್ ಕೌನ್ಸಿಲು ಹಿಂತೆಗೆದುಕೊಂಡಾಗ ಅವರೂ ಸುಪ್ರೀಂ ಕೋರ್ಟಿಗೆ ಬಂದರು. 2001ರ ಜನವರಿಯಲ್ಲಿ ಆ ತೀರ್ಪು ಬರೆದವರು ನಮ್ಮ ರಾಯಚೂರು ಜಿಲ್ಲೆಯವರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರು. ಅದೇ ಅಳತೆಗೋಲು, ಆದರೆ ಫಲಿತಾಂಶ ತಿರುಗಿತು: ಈ ಅಧಿಕಾರಿಯ ಮುಖ್ಯ ಕೆಲಸ ವಾದಿಸುವುದಲ್ಲ, ಕಚೇರಿಯ ಕೆಲಸ, ಪೂರ್ಣಾವಧಿ ಸಂಬಳಗಾರನಿಗೆ ಸನ್ನದಿಲ್ಲವೆಂಬ ಬಾರ್ ಕೌನ್ಸಿಲಿನ 49ನೆಯ ನಿಯಮ ಅನ್ವಯಿಸುತ್ತದೆ. ಅದೇ ವರ್ಷ ಬಾರ್ ಕೌನ್ಸಿಲು ಆ ನಿಯಮದಲ್ಲಿ ಕಾನೂನು ಅಧಿಕಾರಿಗಳಿಗೆ ಇದ್ದ ವಿನಾಯಿತಿಯನ್ನೂ ತೆಗೆದುಹಾಕಿತು. ಅದನ್ನು ಹಿಡಿದುಕೊಂಡು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಸರ್ಕಾರಿ ಅಭಿಯೋಜಕರಾಗಿದ್ದು ನ್ಯಾಯಾಧೀಶರಾಗಿ ಆಯ್ಕೆಯಾಗಿದ್ದ ಹಲವರ ನೇಮಕವನ್ನು ರದ್ದುಮಾಡಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿ, ವಾದಿಸುವುದೇ ಕೆಲಸವಾಗಿರುವ ಅಭಿಯೋಜಕನು ವಿನಾಯಿತಿ ಇರಲಿ ಬಿಡಲಿ ಅಡ್ವೊಕೇಟನೇ ಎಂದಿತು. ಆಯ್ಕೆಯಾದ ಮೇಲೂ ತಮ್ಮ ಪೀಠ ಉಳಿಯುವುದೋ ಇಲ್ಲವೋ ಎಂದು ವರ್ಷಗಟ್ಟಲೆ ಕಾದ ಆ ನ್ಯಾಯಾಧೀಶರ ಮನಃಸ್ಥಿತಿಯನ್ನು ತಾವು ಊಹಿಸಿಕೊಳ್ಳಬಹುದು. ನಮ್ಮ ಮಕ್ಕಳಲ್ಲಿ ಅನೇಕರು ಈಗ ಕಾನೂನು ಓದುತ್ತಿದ್ದಾರೆ. ಸರ್ಕಾರದ ಕಾನೂನು ಕಚೇರಿಗೆ ಸೇರುವ ಮುನ್ನ ನೇಮಕಾತಿ ಆದೇಶದಲ್ಲಿ ಕರ್ತವ್ಯಗಳ ಪಟ್ಟಿಯನ್ನು ಓದಿಕೊಳ್ಳಲಿ. 'ನ್ಯಾಯಾಲಯದಲ್ಲಿ ಹಾಜರಾಗಿ ವಾದಿಸುವುದು' ಎಂಬ ಮಾತು ಅಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಹತ್ತು ವರ್ಷದ ಮೇಲೆ ಬಹಳ ವ್ಯತ್ಯಾಸವಾಗುತ್ತದೆ.

ಇಷ್ಟು ಹೊತ್ತು ಕರಿಕೋಟಿನವರ ಮಾತಾಯಿತು. ಅದೇ ಕಚೇರಿಯಲ್ಲಿ ಬೆರಳಚ್ಚು ಮಾಡುವವರು, ಕಡತ ಹೊರುವವರು, ಪ್ರಕರಣದ ಪಟ್ಟಿ ನೋಡುವವರು ಇದ್ದಾರೆ. ಇಂಥವರಲ್ಲಿ ಅನೇಕರು ಇಂದು ಗುತ್ತಿಗೆಯವರು. ಈ ವಿಷಯದಲ್ಲಿ ಕನ್ನಡ ನಾಡಿನ ಹೆಸರು ದೇಶದ ಎಲ್ಲ ಸರ್ಕಾರಿ ಕಾನೂನು ಕಚೇರಿಗಳಲ್ಲೂ ದಿನನಿತ್ಯ ಕೇಳಿಬರುತ್ತದೆ, ಅದು ಹೆಮ್ಮೆಯೋ ಅಲ್ಲವೋ ತಾವೇ ತೀರ್ಮಾನಿಸಿ. ನಿಯಮಬಾಹಿರ ನೇಮಕವನ್ನು ಸಕ್ರಮವೆಂಬ ಹೆಸರಿನಲ್ಲಿ ನೇರ್ಪಡಿಸಲಾಗದೆಂಬ ತೀರ್ಪು ಕೋಲಾರ ಚಿನ್ನದ ಗಣಿಯ ಊರಗಾಮಿನ ಗಣಿಗಾರಿಕೆ ಶಾಲೆಯ ಪ್ರಾಂಶುಪಾಲರ ಹುದ್ದೆಯಿಂದ ಹುಟ್ಟಿದ್ದು. ಅದರ ಮೇಲೆ ಕಟ್ಟಿದ್ದು 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಪ್ರಕರಣ; ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ. ಹಿಂಬಾಗಿಲ ನೇಮಕಕ್ಕೆ ಖಾಯಮಾತಿಯ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಸಲಕ್ಕೆಂದು ಪರಿಶೀಲಿಸಿ ಎಂದೂ ಹೇಳಿತು. ಕಚೇರಿಗಳು ಮೊದಲ ಭಾಗವನ್ನು ಬಾಯಿಪಾಠ ಮಾಡಿಕೊಂಡವು, ಎರಡನೆಯದನ್ನು ಮರೆತವು.

ದಿನಗೂಲಿ ನೌಕರನ ಅರ್ಜಿಗೆ ಉಮಾದೇವಿ ತೀರ್ಪನ್ನು ಉದ್ಧರಿಸಿ ಆಕ್ಷೇಪಣೆ ಸಿದ್ಧವಾಗುತ್ತದೆ. ಅದನ್ನು ಬೆರಳಚ್ಚು ಮಾಡುವ ಹೆಣ್ಣುಮಗಳು ಹನ್ನೆರಡು ವರ್ಷದಿಂದ ಗುತ್ತಿಗೆಯಲ್ಲಿರುವವಳಾಗಿದ್ದರೆ, ಆ ವಾಕ್ಯಗಳು ಅವಳ ಬೆರಳ ಕೆಳಗೆ ಹಾದುಹೋಗುವಾಗ ಅವಳಿಗೆ ಏನನ್ನಿಸೀತು? 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು, ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ಕಸ ಗುಡಿಸುವ, ತೋಟ ನೋಡುವ ಕೆಲಸ ಮಾಡಿದವರ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ದುಡಿದವರ ವಿರುದ್ಧದ ಆಯುಧವಾಗಿ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿ ಅವರನ್ನು ಖಾಯಂ ಮಾಡಿಸಿತು. ಈ ತೀರ್ಪಿನ ಪ್ರತಿಯನ್ನು ಗುತ್ತಿಗೆಯಲ್ಲಿರುವ ಸ್ನೇಹಿತರು ತಮ್ಮ ಬಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಮತ್ತೆ ವಕೀಲರ ನೇಮಕಕ್ಕೆ ಬಂದರೆ, 1994ರಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು, ಅಂದರೆ ಬಾಗಿಲು ತೆರೆದವರಾರು ಎಂಬುದನ್ನು, ಸುಪ್ರೀಂ ಕೋರ್ಟು ಕೊನೆಗೂ ಕೇಳಿದ್ದು 2016ರ ಮಾರ್ಚ್ 30ರಂದು. ಮುಖ್ಯ ನ್ಯಾಯಮೂರ್ತಿ ಟಿ. ಎಸ್. ಠಾಕೂರ್ ಅವರ ಪೀಠ. ಪಂಜಾಬ್ ಮತ್ತು ಹರಿಯಾಣದ ಅಡ್ವೊಕೇಟ್ ಜನರಲ್ ಕಚೇರಿಗಳ ನೇಮಕಗಳು. ಎಷ್ಟು ವಕೀಲರು ಬೇಕು ಎಂಬ ಲೆಕ್ಕವನ್ನೇ ಮಾಡದೆ ನೇಮಿಸಿದ್ದು, ಕೆಲಸವಿಲ್ಲದೆ ಕುಳಿತವರಿಗೆ ಹಣ ಕೊಟ್ಟದ್ದು ಮಹಾಲೇಖಪಾಲರ ವರದಿಯಲ್ಲೇ ದಾಖಲಾಗಿತ್ತು. ಸರ್ಕಾರದ ಹಣ ಸಾರ್ವಜನಿಕರ ಹಣ, ಅದನ್ನು ಕೊಟ್ಟು ಪಡೆಯುವ ವಕೀಲ ದೊರೆಯಬಹುದಾದವರಲ್ಲಿ ಉತ್ತಮನಾಗಿರಬೇಕು; ಯಾರಿಗೂ ನೇಮಕದ ಹಕ್ಕಿಲ್ಲ, ಆದರೆ ಅರ್ಹನಾದ ಪ್ರತಿಯೊಬ್ಬನಿಗೂ ನ್ಯಾಯವಾಗಿ ಪರಿಗಣಿಸಲ್ಪಡುವ ಹಕ್ಕಿದೆ ಎಂದು ತೀರ್ಪು ಹೇಳಿತು. ಅಗತ್ಯದ ಅಂದಾಜು, ಆಯ್ಕೆ ಸಮಿತಿ, ಪಟ್ಟಿಯ ಬಗ್ಗೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯ, ಹೀಗೆ ಒಂದು ಪದ್ಧತಿಯನ್ನೂ ಹಾಕಿಕೊಟ್ಟಿತು. ಹರಿಯಾಣ 2016ರಲ್ಲಿ, ಪಂಜಾಬ್ 2017ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿಕೊಂಡವು.

ಕರ್ನಾಟಕದಲ್ಲಿ 1977ರಿಂದಲೇ ಕಾನೂನು ಅಧಿಕಾರಿಗಳ ನೇಮಕ ಮತ್ತು ಸೇವಾ ಷರತ್ತುಗಳ ನಿಯಮಗಳಿವೆ. ಹಲವು ರಾಜ್ಯಗಳಿಗಿಂತ ನಾವು ಮುಂದೆ. ಆದರೂ ವಿಧಾನಸೌಧದಲ್ಲಿ ಪಕ್ಷ ಬದಲಾದಾಗ ಜಿಲ್ಲಾ ನ್ಯಾಯಾಲಯಗಳ ಬಾರ್ ರೂಮುಗಳಲ್ಲಿ ಮೊದಲು ಏಳುವ ಮಾತು ಮುಂದಿನ ಸರ್ಕಾರಿ ವಕೀಲರು ಯಾರು ಎಂಬುದೇ. ಊರಿನಲ್ಲಿ ವಕೀಲ ಬಂಧುಗಳಿರುವ ಯಾರನ್ನು ಬೇಕಾದರೂ ಕೇಳಿ ನೋಡಿ.

ಕೊನೆಯದಾಗಿ ಹೊಸ ಸಂಗತಿಯೊಂದನ್ನು ತಮ್ಮ ಗಮನಕ್ಕೆ ತಂದು ಮುಗಿಸುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯದರ 25ಎ ಕಲಮಿನಲ್ಲಿ, ರಾಜ್ಯದ ಅಭಿಯೋಜನಾ ನಿರ್ದೇಶಕನನ್ನು ನೇಮಿಸಲು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿ ಬೇಕಾಗಿತ್ತು. ಹೊಸ ಸಂಹಿತೆಯ 20ನೆಯ ಕಲಮು ವಕೀಲಿ ಅನುಭವವನ್ನು ಹತ್ತು ವರ್ಷದಿಂದ ಹದಿನೈದಕ್ಕೆ ಏರಿಸಿದೆ, ಸೆಷನ್ಸ್ ನ್ಯಾಯಾಧೀಶರಾಗಿದ್ದವರಿಗೂ ಅವಕಾಶ ಕೊಟ್ಟಿದೆ. ಆದರೆ ಮುಖ್ಯ ನ್ಯಾಯಮೂರ್ತಿಗಳ ಸಮ್ಮತಿಯ ಮಾತು ಅಲ್ಲಿಲ್ಲ. ಈ ನಿರ್ದೇಶಕನ ಕೈಕೆಳಗೆ ರಾಜ್ಯದ ಅಭಿಯೋಜಕರ ಇಡೀ ವೃಂದ ಬರುತ್ತದೆ. ಮೇಲ್ಮನವಿ ಹಾಕಬೇಕೋ ಬೇಡವೋ ಎಂಬ ಅಭಿಪ್ರಾಯವೂ ಇನ್ನು ಆ ನಿರ್ದೇಶನಾಲಯದಿಂದಲೇ ಬರಬೇಕು.